ಜಿಯೋಲೈಟ್ ಅಯಾನು ವಿನಿಮಯದಿಂದ ಲಿಥಿಯಮ್ ಸಮಸ್ಥಾನಿಗಳ ಬೇರ್ಪಡಿಕೆ

ಜಿಯೋಲೈಟ್ ಅಯಾನು ವಿನಿಮಯದಿಂದ ಲಿಥಿಯಮ್ ಸಮಸ್ಥಾನಿಗಳ ಬೇರ್ಪಡಿಕೆ ಎಂಬುದು ಲಿಥಿಯಮ್ ಧಾತುವಿನ ಎರಡು ಸ್ಥಿರ ಸಮಸ್ಥಾನಿಗಳಾದ ಲಿಥಿಯಮ್-6 ಮತ್ತು ಲಿಥಿಯಮ್-7 ಇವುಗಳನ್ನು ಜಿಯೋಲೈಟ್ ಎಂಬ ಸರಂಧ್ರ ಖನಿಜದ ನೆರವಿನಿಂದ ಪ್ರತ್ಯೇಕಿಸುವ ರಾಸಾಯನಿಕ ವಿಧಾನವಾಗಿದೆ. ಲಿಥಿಯಮ್ ಲವಣದ ಜಲೀಯ ದ್ರಾವಣವು ಜಿಯೋಲೈಟ್ ಹರಳುಗಳ ಸಂಪರ್ಕಕ್ಕೆ ಬಂದಾಗ ಹಗುರವಾದ ಲಿಥಿಯಮ್-6 ಹರಳಿನೊಳಗೂ ಭಾರವಾದ ಲಿಥಿಯಮ್-7 ದ್ರಾವಣದಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿ ಹೆಚ್ಚಾಗಿ ಸೇರುತ್ತವೆ. ಈ ಸಣ್ಣ ವ್ಯತ್ಯಾಸವನ್ನು ಉದ್ದನೆಯ ಸ್ತಂಭಗಳಲ್ಲಿ ನೂರಾರು ಬಾರಿ ಪುನರಾವರ್ತಿಸಿ ದೊಡ್ಡದಾಗಿಸುವುದೇ ಈ ವಿಧಾನದ ತಿರುಳು. 1930ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಟಿ. ಐ. ಟೇಲರ್ ಮತ್ತು ಹೆರಾಲ್ಡ್ ಯೂರಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಮುಂದೆ ಕೈಗಾರಿಕಾ ಪ್ರಮಾಣದಲ್ಲಿ ಪಾದರಸವನ್ನು ಬಳಸುವ ವಿಧಾನವೇ ಮೇಲುಗೈ ಪಡೆಯಿತಾದರೂ, ಅದರಿಂದ ಉಂಟಾದ ಪರಿಸರ ಹಾನಿಯ ಕಾರಣ ಪಾದರಸವಿಲ್ಲದ ವಿಧಾನಗಳತ್ತ ಸಂಶೋಧಕರ ಗಮನ ಮತ್ತೆ ಹರಿದಿದೆ.

ಹೆಸರುಗಳ ಹಿನ್ನೆಲೆ

ಲಿಥಿಯಮ್ ಮತ್ತು ಜಿಯೋಲೈಟ್ ಎಂಬ ಎರಡು ಹೆಸರುಗಳೂ ಗ್ರೀಕ್ ಭಾಷೆಯ ‘ಲಿಥೋಸ್’, ಅಂದರೆ ‘ಕಲ್ಲು’ ಎಂಬ ಒಂದೇ ಪದದಿಂದ ಬಂದಿವೆ. 1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಆಕ್ಸೆಲ್ ಕ್ರೋನ್‌ಸ್ಟೆಡ್ ಒಂದು ಖನಿಜವನ್ನು ಕಾಯಿಸಿದಾಗ ಅದು ನೊರೆಯುಕ್ಕಿ ಕುದಿಯುವಂತೆ ತೋರಿತು. ಹರಳಿನೊಳಗೆ ಅಡಗಿದ್ದ ನೀರು ಆವಿಯಾಗಿ ಹೊರಬರುತ್ತಿದ್ದುದೇ ಇದಕ್ಕೆ ಕಾರಣ. ಆತ ಅದಕ್ಕೆ ‘ಕುದಿಯುವ ಕಲ್ಲು’ ಎಂಬ ಅರ್ಥದ ಜಿಯೋಲೈಟ್ ಎಂಬ ಹೆಸರನ್ನಿತ್ತನು. 1817ರಲ್ಲಿ ಅದೇ ದೇಶದ ಯೋಹಾನ್ ಆಗಸ್ಟ್ ಆರ್ಫ್ವೆಡ್‌ಸನ್, ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್‌ನ ಪ್ರಯೋಗಶಾಲೆಯಲ್ಲಿ ಪೆಟಲೈಟ್ ಎಂಬ ಖನಿಜವನ್ನು ವಿಶ್ಲೇಷಿಸುವಾಗ ಹೊಸ ಕ್ಷಾರ ಧಾತುವೊಂದನ್ನು ಗುರುತಿಸಿದನು. ಅಂದು ಪರಿಚಿತವಾಗಿದ್ದ ಇತರ ಕ್ಷಾರಗಳು ಸಸ್ಯಮೂಲಗಳಲ್ಲಿ ದೊರೆತಿದ್ದರೆ ಇದು ಕಲ್ಲಿನಲ್ಲಿ ದೊರೆತುದರಿಂದ ಲಿಥಿಯಮ್ ಎನಿಸಿಕೊಂಡಿತು.

ಲಿಥಿಯಮ್‌ನ ಸಮಸ್ಥಾನಿಗಳು

ಲಿಥಿಯಮ್‌ನ ಪರಮಾಣು ಸಂಖ್ಯೆ 3. ಇದರ ಎಲ್ಲ ಪರಮಾಣುಗಳ ಬೀಜಕೇಂದ್ರದಲ್ಲಿಯೂ ಮೂರು ಪ್ರೋಟಾನುಗಳಿರುತ್ತವೆ. ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಲಿಥಿಯಮ್-6ರಲ್ಲಿ ಮೂರು, ಲಿಥಿಯಮ್-7ರಲ್ಲಿ ನಾಲ್ಕು. ಪ್ರಕೃತಿಯಲ್ಲಿ ದೊರೆಯುವ ಲಿಥಿಯಮ್‌ನಲ್ಲಿ ನೂರು ಪರಮಾಣುಗಳಿಗೆ ಸುಮಾರು 7.5 ಲಿಥಿಯಮ್-6 ಆಗಿದ್ದು, ಉಳಿದ 92.5 ಲಿಥಿಯಮ್-7 ಆಗಿರುತ್ತವೆ. ತೂಕದ ಲೆಕ್ಕದಲ್ಲಿ ಒಂದು ಕಿಲೋಗ್ರಾಂ ನೈಸರ್ಗಿಕ ಲಿಥಿಯಮ್‌ನಲ್ಲಿ ಸುಮಾರು 65 ಗ್ರಾಂ ಮಾತ್ರ ಲಿಥಿಯಮ್-6 ಇರುತ್ತದೆ. ಇವೆರಡೂ ಸ್ಥಿರ ಸಮಸ್ಥಾನಿಗಳು, ಯಾವುದೂ ವಿಕಿರಣಶೀಲವಲ್ಲ.

ಎಲೆಕ್ಟ್ರಾನುಗಳ ವಿನ್ಯಾಸ ಒಂದೇ ಆಗಿರುವುದರಿಂದ ಇವೆರಡರ ರಾಸಾಯನಿಕ ಗುಣಗಳು ಬಹುತೇಕ ಒಂದೇ. ಆದರೆ ಅವುಗಳ ದ್ರವ್ಯರಾಶಿಗಳಲ್ಲಿ ಆರಕ್ಕೆ ಏಳರ ಅಂತರವಿದೆ. ಯುರೇನಿಯಮ್‌ನಂತಹ ಭಾರಧಾತುವಿನ ಸಮಸ್ಥಾನಿಗಳಾದ 235 ಮತ್ತು 238ರ ನಡುವಿನ ಅಂತರ ನೂರಕ್ಕೆ ಒಂದೂಕಾಲಿನಷ್ಟಿದ್ದರೆ, ಲಿಥಿಯಮ್‌ನಲ್ಲಿ ಅದು ನೂರಕ್ಕೆ ಹದಿನಾರನ್ನು ಮೀರುತ್ತದೆ. ಆದ್ದರಿಂದಲೇ ಲಿಥಿಯಮ್‌ನ ಸಮಸ್ಥಾನಿಗಳನ್ನು ಸಾಮಾನ್ಯ ರಾಸಾಯನಿಕ ಕ್ರಿಯೆಗಳಿಂದ ಬೇರ್ಪಡಿಸಲು ಸಾಧ್ಯವಾಗುತ್ತದೆ.

ಬೇರ್ಪಡಿಕೆಯ ಅಗತ್ಯ

ರಾಸಾಯನಿಕವಾಗಿ ಅವಳಿಗಳಂತಿರುವ ಈ ಎರಡು ಸಮಸ್ಥಾನಿಗಳು ನ್ಯೂಟ್ರಾನುಗಳ ಎದುರಿನಲ್ಲಿ ಮಾತ್ರ ತೀರ ಭಿನ್ನವಾಗಿ ವರ್ತಿಸುತ್ತವೆ. ನಿಧಾನಗತಿಯ ನ್ಯೂಟ್ರಾನುಗಳನ್ನು ಹೀರಿಕೊಳ್ಳುವ ಸಾಮರ್ಥ್ಯವು ಲಿಥಿಯಮ್-6ಕ್ಕೆ ಸುಮಾರು 940 ಬಾರ್ನ್‌ಗಳಷ್ಟಿದ್ದರೆ ಲಿಥಿಯಮ್-7ಕ್ಕೆ ಒಂದು ಬಾರ್ನ್‌ನ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಬಾರ್ನ್ ಎಂಬುದು ಬೀಜಕೇಂದ್ರವು ನ್ಯೂಟ್ರಾನಿಗೆ ಎಷ್ಟು ದೊಡ್ಡ ಗುರಿಯಾಗಿ ಒದಗುತ್ತದೆ ಎಂಬುದನ್ನು ಅಳೆಯುವ ಮಾನ. ಹೀಗಾಗಿ ಒಂದು ಬಳಕೆಗೆ ಬೇಕಾದ ಸಮಸ್ಥಾನಿಯು ಇನ್ನೊಂದು ಬಳಕೆಗೆ ಬೇಡದ ಕಲ್ಮಷವಾಗುತ್ತದೆ.

ಲಿಥಿಯಮ್-6: ಇದು ನ್ಯೂಟ್ರಾನನ್ನು ಹೀರಿ ಹೀಲಿಯಮ್ ಮತ್ತು ಟ್ರಿಟಿಯಮ್ ಆಗಿ ಒಡೆಯುತ್ತದೆ, ಈ ಕ್ರಿಯೆಯಲ್ಲಿ 4.78 ಮಿಲಿಯನ್ ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ. ಟ್ರಿಟಿಯಮ್ ಜಲಜನಕದ ವಿಕಿರಣಶೀಲ ಸಮಸ್ಥಾನಿ. ಅದರ ಅರ್ಧಾಯುಷ್ಯ 12.3 ವರ್ಷ ಮಾತ್ರವಾದುದರಿಂದ ಪ್ರಕೃತಿಯಲ್ಲಿ ಅದರ ಸಂಗ್ರಹವಿಲ್ಲವೆಂದೇ ಹೇಳಬಹುದು. ಡ್ಯುಟೀರಿಯಮ್ ಮತ್ತು ಟ್ರಿಟಿಯಮ್‌ಗಳ ಸಮ್ಮಿಲನದಿಂದ ವಿದ್ಯುತ್ ಪಡೆಯಬೇಕೆನ್ನುವ ಸ್ಥಾವರಗಳು ತಮಗೆ ಬೇಕಾದ ಟ್ರಿಟಿಯಮ್ಮನ್ನು ಲಿಥಿಯಮ್ ಹೊದಿಕೆಯಿಂದ ತಾವೇ ತಯಾರಿಸಿಕೊಳ್ಳಬೇಕು. ಜಲಜನಕ ಬಾಂಬ್‌ಗಳಲ್ಲಿ ಬಳಕೆಯಾಗುವುದೂ ಇದೇ ಸಮಸ್ಥಾನಿ. ನ್ಯೂಟ್ರಾನ್ ಪತ್ತೆ ಮಾಡುವ ಉಪಕರಣಗಳಲ್ಲಿಯೂ ಇದರ ಉಪಯೋಗವಿದೆ.

ಲಿಥಿಯಮ್-7: ಒತ್ತಡದ ನೀರಿನಿಂದ ತಂಪುಗೊಳ್ಳುವ ಪರಮಾಣು ಸ್ಥಾವರಗಳಲ್ಲಿ ಕ್ರಿಯೆಯ ನಿಯಂತ್ರಣಕ್ಕಾಗಿ ನೀರಿಗೆ ಬೋರಿಕ್ ಆಮ್ಲವನ್ನು ಬೆರೆಸುತ್ತಾರೆ. ಆಮ್ಲೀಯತೆಯಿಂದ ಕೊಳವೆಗಳು ಸವೆಯದಂತೆ ತಡೆಯಲು ಅತ್ಯಲ್ಪ ಪ್ರಮಾಣದ ಲಿಥಿಯಮ್ ಹೈಡ್ರಾಕ್ಸೈಡನ್ನು ಸೇರಿಸಬೇಕಾಗುತ್ತದೆ. ಈ ಲಿಥಿಯಮ್‌ನಲ್ಲಿ ಶೇಕಡಾ 99.9ಕ್ಕಿಂತ ಹೆಚ್ಚು ಭಾಗ ಲಿಥಿಯಮ್-7 ಆಗಿರದಿದ್ದರೆ ತಂಪುಕಾರಿ ನೀರಿನಲ್ಲಿ ಟ್ರಿಟಿಯಮ್ ಉತ್ಪತ್ತಿಯಾಗುತ್ತದೆ. ಕರಗಿದ ಲವಣದ ಸ್ಥಾವರಗಳಿಗೆ ಇನ್ನೂ ಹೆಚ್ಚಿನ ಶುದ್ಧತೆ ಬೇಕು. 1965ರಿಂದ 1969ರವರೆಗೆ ಅಮೆರಿಕದ ಓಕ್ ರಿಡ್ಜ್‌ನಲ್ಲಿ ನಡೆದ ಇಂತಹ ಸ್ಥಾವರದ ಪ್ರಯೋಗದಲ್ಲಿ ಶೇಕಡಾ 99.99ರಷ್ಟು ಶುದ್ಧವಾದ ಲಿಥಿಯಮ್-7ರ ಫ್ಲೋರೈಡ್ ಬಳಕೆಯಾಯಿತು.

ಈ ಎರಡು ಸಮಸ್ಥಾನಿಗಳ ವರ್ತನೆಯನ್ನು ತಪ್ಪಾಗಿ ಅಂದಾಜಿಸಿದರೆ ಏನಾಗಬಹುದೆಂಬುದಕ್ಕೆ 1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ‘ಕ್ಯಾಸಲ್ ಬ್ರಾವೋ’ ಸ್ಫೋಟವು ನಿದರ್ಶನವಾಗಿದೆ. ಅದರ ಇಂಧನದ ಲಿಥಿಯಮ್‌ನಲ್ಲಿ ಸುಮಾರು ಶೇಕಡಾ 40 ಮಾತ್ರ ಲಿಥಿಯಮ್-6 ಆಗಿದ್ದು, ಉಳಿದ ಲಿಥಿಯಮ್-7 ನಿಷ್ಕ್ರಿಯವಾಗಿರುವುದೆಂದು ಭಾವಿಸಲಾಗಿತ್ತು. ಆದರೆ ಅತಿವೇಗದ ನ್ಯೂಟ್ರಾನುಗಳ ಹೊಡೆತಕ್ಕೆ ಲಿಥಿಯಮ್-7 ಸಹ ಒಡೆದು ಟ್ರಿಟಿಯಮ್ಮನ್ನು ನೀಡಿತು. ಸುಮಾರು 6 ಮೆಗಾಟನ್ ಎಂದು ಎಣಿಸಿದ್ದ ಸ್ಫೋಟವು 15 ಮೆಗಾಟನ್ ತಲುಪಿತು. ವಿಕಿರಣಶೀಲ ಧೂಳು ಮಾರ್ಷಲ್ ದ್ವೀಪಗಳ ನಿವಾಸಿಗಳ ಮೇಲೂ ಜಪಾನಿನ ಮೀನುಗಾರಿಕಾ ದೋಣಿಯೊಂದರ 23 ಮಂದಿಯ ಮೇಲೂ ಬಿದ್ದಿತು.

ಜಿಯೋಲೈಟ್‌ನ ರಚನೆ

ಜಿಯೋಲೈಟ್‌ಗಳು ಅಲ್ಯೂಮಿನಿಯಮ್, ಸಿಲಿಕಾನ್ ಮತ್ತು ಆಮ್ಲಜನಕಗಳಿಂದಾದ ಹರಳುಗಳು. ಒಂದು ಸಿಲಿಕಾನ್ ಅಥವಾ ಅಲ್ಯೂಮಿನಿಯಮ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳು ಚತುಷ್ಫಲಕದ ಮೂಲೆಗಳಲ್ಲಿ ನಿಂತಿರುತ್ತವೆ. ಪ್ರತಿಯೊಂದು ಮೂಲೆಯ ಆಮ್ಲಜನಕವೂ ನೆರೆಯ ಚತುಷ್ಫಲಕಕ್ಕೆ ಸೇರಿರುವುದರಿಂದ ಇಡೀ ಹರಳು ಒಂದೇ ಚೌಕಟ್ಟಾಗಿ ಹರಡಿಕೊಳ್ಳುತ್ತದೆ. ಈ ಚೌಕಟ್ಟಿನಲ್ಲಿ ಕ್ರಮಬದ್ಧವಾದ ಗೂಡುಗಳೂ ಅವುಗಳನ್ನು ಜೋಡಿಸುವ ಕಿಂಡಿಗಳೂ ಇರುತ್ತವೆ. ‘ಜಿಯೋಲೈಟ್-ಎ’ ಎಂಬ ಕೃತಕ ಜಿಯೋಲೈಟ್‌ನ ಸೋಡಿಯಮ್ ರೂಪದಲ್ಲಿ ಕಿಂಡಿಯ ಅಗಲ ಸುಮಾರು 0.4 ನ್ಯಾನೋಮೀಟರ್. ‘ಜಿಯೋಲೈಟ್-ಎಕ್ಸ್’ನಲ್ಲಿ ಅದು ಸುಮಾರು 0.74 ನ್ಯಾನೋಮೀಟರ್.

ನಾಲ್ಕು ವೇಲೆನ್ಸಿಯ ಸಿಲಿಕಾನ್ ಇರಬೇಕಾದ ಸ್ಥಳದಲ್ಲಿ ಮೂರು ವೇಲೆನ್ಸಿಯ ಅಲ್ಯೂಮಿನಿಯಮ್ ಕುಳಿತಾಗ ಚೌಕಟ್ಟಿಗೆ ಒಂದು ಋಣ ವಿದ್ಯುದಂಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ಸೋಡಿಯಮ್, ಪೊಟ್ಯಾಸಿಯಮ್, ಕ್ಯಾಲ್ಸಿಯಮ್ ಮುಂತಾದ ಧನ ಅಯಾನುಗಳು ನೀರಿನ ಅಣುಗಳೊಂದಿಗೆ ಗೂಡುಗಳಲ್ಲಿ ನೆಲೆಸಿರುತ್ತವೆ. ಇವು ಚೌಕಟ್ಟಿಗೆ ಕಟ್ಟುಬಿದ್ದವಲ್ಲ. ಸುತ್ತಲಿನ ದ್ರಾವಣದಲ್ಲಿ ಬೇರೆ ಅಯಾನುಗಳಿದ್ದರೆ ಪರಸ್ಪರ ಸ್ಥಾನ ಬದಲಾಯಿಸಿಕೊಳ್ಳುತ್ತವೆ. ಇದೇ ಅಯಾನು ವಿನಿಮಯ. ಗಡಸು ನೀರನ್ನು ಮೆದುವಾಗಿಸುವ ಯಂತ್ರಗಳಲ್ಲಿಯೂ ಬಟ್ಟೆ ಒಗೆಯುವ ಪುಡಿಗಳಲ್ಲಿಯೂ ಜಿಯೋಲೈಟ್ ಮಾಡುವ ಕೆಲಸ ಇದೇ ಆಗಿದೆ: ನೀರಿನ ಕ್ಯಾಲ್ಸಿಯಮ್ಮನ್ನು ತಾನು ತೆಗೆದುಕೊಂಡು ತನ್ನ ಸೋಡಿಯಮ್ಮನ್ನು ನೀರಿಗೆ ಬಿಟ್ಟುಕೊಡುತ್ತದೆ.

ಬೇರ್ಪಡಿಕೆಯ ತತ್ತ್ವ

ಜಿಯೋಲೈಟ್‌ಗೆ ‘ಅಣುಜರಡಿ’ ಎಂಬ ಹೆಸರೂ ಇರುವುದರಿಂದ, ಅದು ಸಣ್ಣ ಸಮಸ್ಥಾನಿಯನ್ನು ಒಳಗೆ ಬಿಟ್ಟು ದೊಡ್ಡದನ್ನು ತಡೆಯುತ್ತದೆ ಎಂದು ಭಾವಿಸುವುದು ಸಹಜ. ಇದು ತಪ್ಪು ಗ್ರಹಿಕೆ. ಅಯಾನಿನ ಗಾತ್ರವನ್ನು ನಿರ್ಧರಿಸುವುದು ಎಲೆಕ್ಟ್ರಾನುಗಳೇ ಹೊರತು ಬೀಜಕೇಂದ್ರದ ನ್ಯೂಟ್ರಾನುಗಳಲ್ಲ. ಲಿಥಿಯಮ್-6 ಮತ್ತು ಲಿಥಿಯಮ್-7ರ ಅಯಾನುಗಳ ಗಾತ್ರ ಒಂದೇ ಆಗಿದ್ದು, ಎರಡೂ ಸಲೀಸಾಗಿ ಗೂಡನ್ನು ಪ್ರವೇಶಿಸುತ್ತವೆ. ಬೇರ್ಪಡಿಕೆಗೆ ಕಾರಣವಾಗುವುದು ಗಾತ್ರವಲ್ಲ, ಬಂಧದ ಬಿಗಿ.

ನೀರಿನಲ್ಲಿ ಕರಗಿದ ಲಿಥಿಯಮ್ ಅಯಾನು ತೀರ ಸಣ್ಣದಾದುದರಿಂದ ಅದರ ವಿದ್ಯುತ್ ಸೆಳೆತ ಪ್ರಬಲವಾಗಿರುತ್ತದೆ. ಅದು ತನ್ನ ಸುತ್ತ ಸಾಮಾನ್ಯವಾಗಿ ನಾಲ್ಕು ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದುಕೊಂಡು, ಅವುಗಳಾಚೆಗೂ ನೀರಿನ ಸಡಿಲ ಹೊದಿಕೆಯನ್ನು ಹೊಂದಿರುತ್ತದೆ. ಜಿಯೋಲೈಟ್‌ನ ಕಿಂಡಿಯನ್ನು ದಾಟಬೇಕಾದರೆ ಈ ಹೊದಿಕೆಯ ಒಂದು ಭಾಗವನ್ನು ಕಳಚಬೇಕು. ಒಳಗೆ ಅದರ ನೆರೆಹೊರೆ ಬದಲಾಗುತ್ತದೆ: ನೀರಿನ ಅಣುಗಳ ಜೊತೆಗೆ ಚೌಕಟ್ಟಿನ ಆಮ್ಲಜನಕಗಳೂ ಅದನ್ನು ಹಿಡಿದಿರುತ್ತವೆ. ಒಟ್ಟಿನಲ್ಲಿ ಈ ಹಿಡಿತ ದ್ರಾವಣದಲ್ಲಿದ್ದುದಕ್ಕಿಂತ ಸಡಿಲವಾಗಿರುತ್ತದೆ.

ಯಾವುದೇ ಬಂಧದಲ್ಲಿರುವ ಪರಮಾಣು ಸದಾ ಕಂಪಿಸುತ್ತಿರುತ್ತದೆ. ಉಷ್ಣತೆ ಎಷ್ಟೇ ಇಳಿದರೂ ನಿಲ್ಲದ ಈ ಕಂಪನದ ಶಕ್ತಿಯನ್ನು ಶೂನ್ಯಬಿಂದು ಶಕ್ತಿ ಎನ್ನುತ್ತಾರೆ. ಭಾರವಾದ ಪರಮಾಣುವಿಗೆ ಈ ಶಕ್ತಿ ಕಡಿಮೆ, ಹಗುರವಾದುದಕ್ಕೆ ಹೆಚ್ಚು. ಬಂಧ ಬಿಗಿಯಾದಷ್ಟೂ ಇವೆರಡರ ನಡುವಿನ ಅಂತರ ಹೆಚ್ಚುತ್ತದೆ. ಇದರ ಫಲವಾಗಿ ಭಾರವಾದ ಸಮಸ್ಥಾನಿಯು ಬಿಗಿಯಾದ ಬಂಧವಿರುವ ಸ್ಥಳದಲ್ಲಿಯೂ ಹಗುರವಾದುದು ಸಡಿಲವಾದ ಬಂಧವಿರುವ ಸ್ಥಳದಲ್ಲಿಯೂ ತುಸು ಹೆಚ್ಚಾಗಿ ನೆಲೆಸುತ್ತದೆ. ಆದಕಾರಣ ಲಿಥಿಯಮ್-7 ದ್ರಾವಣದತ್ತ, ಲಿಥಿಯಮ್-6 ಜಿಯೋಲೈಟ್‌ನತ್ತ ವಾಲುತ್ತವೆ. ಇಂತಹ ಸಮತೋಲಗಳನ್ನು ಲೆಕ್ಕ ಹಾಕುವ ಸಿದ್ಧಾಂತವನ್ನು 1947ರಲ್ಲಿ ಯೂರಿ ಒಂದು ಕಡೆಯೂ, ಬಿಗಲೈಸನ್ ಮತ್ತು ಮಾರಿಯಾ ಗೋಪರ್ಟ್ ಮೇಯರ್ ಇನ್ನೊಂದು ಕಡೆಯೂ ಪ್ರಕಟಿಸಿದರು. ಉಷ್ಣತೆ ಕಡಿಮೆಯಾದಂತೆ ಸಮಸ್ಥಾನಿಗಳ ಈ ವ್ಯತ್ಯಾಸ ಸಾಮಾನ್ಯವಾಗಿ ಹೆಚ್ಚುತ್ತದೆ. ಆದರೆ ವಿನಿಮಯದ ವೇಗ ತಗ್ಗುತ್ತದೆ.

ಬೇರ್ಪಡಿಕೆ ಗುಣಾಂಕ ಮತ್ತು ಹಂತಗಳು

ಜಿಯೋಲೈಟ್‌ನಲ್ಲಿರುವ ಲಿಥಿಯಮ್-6 ಮತ್ತು ಲಿಥಿಯಮ್-7ರ ಅನುಪಾತವನ್ನು ದ್ರಾವಣದಲ್ಲಿರುವ ಅದೇ ಅನುಪಾತದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ಬೇರ್ಪಡಿಕೆ ಗುಣಾಂಕ. ಇದು ಸರಿಯಾಗಿ 1 ಆಗಿದ್ದರೆ ಬೇರ್ಪಡಿಕೆಯೇ ಇಲ್ಲ. ಟೇಲರ್ ಮತ್ತು ಯೂರಿ ಅವರ ಪ್ರಯೋಗದಿಂದ ದೊರೆತ ಗುಣಾಂಕ ಸುಮಾರು 1.022. ನೈಸರ್ಗಿಕ ಲಿಥಿಯಮ್ ದ್ರಾವಣವು ಇಂತಹ ಜಿಯೋಲೈಟ್‌ನೊಂದಿಗೆ ಒಮ್ಮೆ ಸಮತೋಲಕ್ಕೆ ಬಂದರೆ ಹರಳಿನಲ್ಲಿ ಲಿಥಿಯಮ್-6ರ ಪ್ರಮಾಣ ಶೇಕಡಾ 7.5ರಿಂದ ಸುಮಾರು 7.65ಕ್ಕೆ ಏರುತ್ತದೆ, ಅಷ್ಟೆ.

ಮೊರದಲ್ಲಿ ಒಮ್ಮೆ ಕೇರಿದರೆ ಧಾನ್ಯ ಪೂರ್ತಿ ಹಸನಾಗದು. ಮತ್ತೆ ಮತ್ತೆ ಕೇರಬೇಕು. ಇಲ್ಲಿಯೂ ಒಂದು ಹಂತದ ಫಲವನ್ನು ಮುಂದಿನ ಹಂತಕ್ಕೆ ಒಯ್ಯಬೇಕಾಗುತ್ತದೆ. ಪ್ರತಿ ಹಂತದಲ್ಲಿಯೂ ಅನುಪಾತವು ಗುಣಾಂಕದಷ್ಟು ಪಟ್ಟು ಹೆಚ್ಚುವುದರಿಂದ ಬೇಕಾದ ಹಂತಗಳ ಕನಿಷ್ಠ ಸಂಖ್ಯೆಯನ್ನು ಲಾಗರಿದಮ್ ಬಳಸಿ ಕಂಡುಹಿಡಿಯಬಹುದು. ನೈಸರ್ಗಿಕ ಲಿಥಿಯಮ್‌ನಲ್ಲಿ ಲಿಥಿಯಮ್-7ಕ್ಕೂ ಲಿಥಿಯಮ್-6ಕ್ಕೂ ಇರುವ ಅನುಪಾತವನ್ನು 12.33 ಎಂದು ಹಿಡಿದರೆ ಲೆಕ್ಕ ಹೀಗಾಗುತ್ತದೆ:

- ಗುಣಾಂಕ 1.05 ಆದಾಗ: ಶೇಕಡಾ 50ರ ಲಿಥಿಯಮ್-6 ಪಡೆಯಲು ಸುಮಾರು 52 ಹಂತ, ಶೇಕಡಾ 90ಕ್ಕೆ ಸುಮಾರು 97 ಹಂತ, ಶೇಕಡಾ 99.99ರ ಲಿಥಿಯಮ್-7ಕ್ಕೆ ಸುಮಾರು 137 ಹಂತ.
- ಗುಣಾಂಕ 1.022 ಆದಾಗ: ಇವೇ ಗುರಿಗಳಿಗೆ ಕ್ರಮವಾಗಿ ಸುಮಾರು 115, 216 ಮತ್ತು 308 ಹಂತ.
- ಗುಣಾಂಕ 1.002 ಆದಾಗ: ಕ್ರಮವಾಗಿ ಸುಮಾರು 1,260, 2,360 ಮತ್ತು 3,350 ಹಂತ.

ಇವು ಉತ್ಪನ್ನವನ್ನು ಹೊರತೆಗೆಯದೆ ನಡೆಸುವ ಆದರ್ಶ ಸ್ಥಿತಿಯ ಕನಿಷ್ಠ ಸಂಖ್ಯೆಗಳು. ನಿಜವಾದ ಉತ್ಪಾದನೆಯಲ್ಲಿ ಇನ್ನೂ ಹೆಚ್ಚಿನ ಹಂತಗಳು ಬೇಕಾಗುತ್ತವೆ. ಗುಣಾಂಕದ ಮೂರನೆಯ ದಶಾಂಶ ಸ್ಥಾನವೂ ಸ್ಥಾವರದ ಗಾತ್ರವನ್ನು ಎಷ್ಟರ ಮಟ್ಟಿಗೆ ಬದಲಿಸುತ್ತದೆಂಬುದು ಈ ಪಟ್ಟಿಯಿಂದ ಸ್ಪಷ್ಟವಾಗುತ್ತದೆ.

ಸ್ತಂಭದಲ್ಲಿ ನಡೆಯುವ ಕ್ರಿಯೆ

ನೂರಾರು ಹಂತಗಳನ್ನು ನೂರಾರು ಪಾತ್ರೆಗಳಲ್ಲಿ ನಡೆಸಬೇಕಾಗಿಲ್ಲ. ಜಿಯೋಲೈಟ್ ಹರಳುಗಳನ್ನು ತುಂಬಿದ ಉದ್ದನೆಯ ಕೊಳವೆಯಲ್ಲಿ ದ್ರಾವಣವನ್ನು ನಿಧಾನವಾಗಿ ಹರಿಸಿದರೆ ಕೊಳವೆಯ ಪ್ರತಿಯೊಂದು ಸಣ್ಣ ಭಾಗವೂ ಒಂದು ಹಂತದಂತೆ ಕೆಲಸ ಮಾಡುತ್ತದೆ. ಲಿಥಿಯಮ್ ದ್ರಾವಣವನ್ನು ಸೋಡಿಯಮ್ ರೂಪದ ಜಿಯೋಲೈಟ್ ಮೂಲಕ ಹರಿಸಿದಾಗ ಲಿಥಿಯಮ್-6 ಹರಳಿನಲ್ಲಿ ತುಸು ಹೆಚ್ಚು ಹೊತ್ತು ತಂಗುವುದರಿಂದ ಹಿಂದೆ ಬೀಳುತ್ತದೆ. ಕೊಳವೆಯ ತುದಿಯಿಂದ ಮೊದಲು ಹೊರಬರುವ ಲಿಥಿಯಮ್‌ನಲ್ಲಿ ಲಿಥಿಯಮ್-7 ಹೆಚ್ಚಾಗಿರುತ್ತದೆ. ಅನಂತರ ಬೇರೆ ಲವಣದ ದ್ರಾವಣದಿಂದ ಲಿಥಿಯಮ್ಮನ್ನು ಹೊರದೂಡಿದಾಗ ಕೊನೆಯಲ್ಲಿ ಬರುವ ಭಾಗದಲ್ಲಿ ಲಿಥಿಯಮ್-6 ಹೆಚ್ಚಾಗಿರುತ್ತದೆ. ಹೊರಬಂದ ದ್ರಾವಣವನ್ನು ಸಣ್ಣ ಸಣ್ಣ ಭಾಗಗಳಾಗಿ ಸಂಗ್ರಹಿಸಿ, ಪ್ರತಿಯೊಂದರ ಸಮಸ್ಥಾನಿ ಅನುಪಾತವನ್ನು ದ್ರವ್ಯರಾಶಿ ರೋಹಿತಮಾಪಕದಿಂದ ಅಳೆಯುತ್ತಾರೆ.

ಈ ಕ್ರಿಯೆ ಫಲಕಾರಿಯಾಗಬೇಕಾದರೆ ಹರಿವು ನಿಧಾನವಾಗಿರಬೇಕು, ಹರಳಿನ ಕಣಗಳು ಸಣ್ಣವೂ ಸಮಗಾತ್ರದವೂ ಆಗಿರಬೇಕು, ಕೊಳವೆಯೊಳಗೆ ದ್ರಾವಣಕ್ಕೆ ಅಡ್ಡದಾರಿಗಳಿರಬಾರದು. ಕಣಗಳು ಅತಿ ನುಣುಪಾದರೆ ದ್ರಾವಣ ಹರಿಯಲು ಹೆಚ್ಚಿನ ಒತ್ತಡ ಬೇಕಾಗುತ್ತದೆ. ದಪ್ಪವಾದರೆ ಅಯಾನು ಒಳಹೊಕ್ಕು ಹೊರಬರುವುದು ತಡವಾಗಿ ಬೇರ್ಪಟ್ಟದ್ದು ಮತ್ತೆ ಬೆರೆಯುತ್ತದೆ.

ಇತಿಹಾಸ

ಲಿಥಿಯಮ್‌ಗೆ ಎರಡು ಸಮಸ್ಥಾನಿಗಳಿವೆಯೆಂಬುದನ್ನು 1921ರಲ್ಲಿ ಆಸ್ಟನ್ ಮತ್ತು ಜಿ. ಪಿ. ಥಾಮ್ಸನ್ ಪ್ರಕಟಿಸಿದರು. 1931ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಹೆರಾಲ್ಡ್ ಯೂರಿ ಮತ್ತು ಸಂಗಡಿಗರು ಭಾರಜಲಜನಕವನ್ನು, ಅಂದರೆ ಡ್ಯುಟೀರಿಯಮ್ಮನ್ನು ಕಂಡುಹಿಡಿದುದು ಸಮಸ್ಥಾನಿಗಳ ಬೇರ್ಪಡಿಕೆಗೆ ಹೊಸ ಹುರುಪನ್ನು ತಂದಿತು. ಈ ಶೋಧಕ್ಕಾಗಿ ಯೂರಿಗೆ 1934ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಲಭಿಸಿತು.

1936ರಲ್ಲಿ ಜಿ. ಎನ್. ಲೂಯಿಸ್ ಮತ್ತು ಮ್ಯಾಕ್‌ಡೊನಾಲ್ಡ್, ಪಾದರಸದಲ್ಲಿ ಕರಗಿದ ಲಿಥಿಯಮ್ಮನ್ನು ಹನಿಹನಿಯಾಗಿ ಲಿಥಿಯಮ್ ಲವಣದ ದ್ರಾವಣದ ಮೂಲಕ ಬೀಳಿಸಿ ಸಮಸ್ಥಾನಿಗಳನ್ನು ಬೇರ್ಪಡಿಸಿದರು. ಅವರಿಗೆ ದೊರೆತ ಗುಣಾಂಕ ಸುಮಾರು 1.025. ಮರುವರ್ಷ ಟೇಲರ್ ಮತ್ತು ಯೂರಿ ಲಿಥಿಯಮ್ ಬೇರ್ಪಡಿಕೆಯ ವಿದ್ಯುದ್ವಿಭಜನೆ ಹಾಗೂ ರಾಸಾಯನಿಕ ವಿನಿಮಯ ವಿಧಾನಗಳ ಬಗ್ಗೆ ಬರೆದರು. 1938ರಲ್ಲಿ ಜಿಯೋಲೈಟ್ ಸ್ತಂಭಗಳಿಂದ ಲಿಥಿಯಮ್ ಮತ್ತು ಪೊಟ್ಯಾಸಿಯಮ್ ಸಮಸ್ಥಾನಿಗಳನ್ನು ಭಾಗಶಃ ಬೇರ್ಪಡಿಸಿದ ವಿವರಗಳನ್ನು ಅವರು ಪ್ರಕಟಿಸಿದರು. ಘನ ಅಯಾನು ವಿನಿಮಯಕಾರಿಯಿಂದ ಸಮಸ್ಥಾನಿಗಳನ್ನು ಪ್ರತ್ಯೇಕಿಸಬಹುದೆಂಬುದಕ್ಕೆ ಇದು ಆರಂಭಿಕ ಹಾಗೂ ಮಹತ್ವದ ಪುರಾವೆಯಾಯಿತು.

ಎರಡನೆಯ ಮಹಾಯುದ್ಧದ ಅನಂತರ ಕೃತಕ ರಾಳಗಳು ಬಳಕೆಗೆ ಬಂದವು. 1949ರಲ್ಲಿ ಬ್ರಿಟನ್ನಿನ ಗ್ಲೂಕಾಫ್ ಮತ್ತು ಸಂಗಡಿಗರು, 1959ರಲ್ಲಿ ಓಕ್ ರಿಡ್ಜ್‌ನ ಲೀ ಮತ್ತು ಬೆಗನ್ ರಾಳಗಳಿಂದ ಲಿಥಿಯಮ್ ಸಮಸ್ಥಾನಿಗಳನ್ನು ಬೇರ್ಪಡಿಸುವ ಅಧ್ಯಯನ ನಡೆಸಿದರು. ರಾಳದೊಳಗೆ ಲಿಥಿಯಮ್ ಅಯಾನು ನೀರಿನ ಹೊದಿಕೆಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳುವುದರಿಂದ ಗುಣಾಂಕವು 1ಕ್ಕಿಂತ ಕೆಲವೇ ಸಾವಿರದ ಒಂದಂಶಗಳಷ್ಟು ಹೆಚ್ಚಾಗಿರುತ್ತದೆ. ಮುಂದೆ ಜಪಾನಿನ ಸಂಶೋಧಕರು ರಾಳಗಳ ಜೊತೆಗೆ ಜಿಯೋಲೈಟ್ ಹಾಗೂ ಇತರ ನಿರವಯವ ವಿನಿಮಯಕಾರಿಗಳನ್ನೂ ವ್ಯವಸ್ಥಿತವಾಗಿ ಪರೀಕ್ಷಿಸಿದರು.

ಪಾದರಸ ವಿಧಾನ ಮತ್ತು ಅದರ ಪರಿಣಾಮ

1950ರ ದಶಕದಲ್ಲಿ ಜಲಜನಕ ಬಾಂಬ್‌ಗಾಗಿ ಲಿಥಿಯಮ್-6ರ ಬೇಡಿಕೆ ಹಠಾತ್ತನೆ ಏರಿತು. ಅಮೆರಿಕವು ಟೆನೆಸೀ ರಾಜ್ಯದ ಓಕ್ ರಿಡ್ಜ್‌ನಲ್ಲಿರುವ ವೈ-12 ಕಾರ್ಖಾನೆಯಲ್ಲಿ 1955ರಿಂದ 1963ರವರೆಗೆ ‘ಕೋಲೆಕ್ಸ್’ ಎಂಬ ವಿಧಾನವನ್ನು ನಡೆಸಿತು. ಲೂಯಿಸ್ ಅವರ ತತ್ತ್ವದ ವಿಸ್ತರಣೆಯೇ ಆದ ಇದರಲ್ಲಿ ಪಾದರಸದಲ್ಲಿ ಕರಗಿದ ಲಿಥಿಯಮ್ ಮತ್ತು ಲಿಥಿಯಮ್ ಹೈಡ್ರಾಕ್ಸೈಡ್ ದ್ರಾವಣಗಳು ಎದುರುಬದುರಾಗಿ ಹರಿಯುತ್ತವೆ. ಲಿಥಿಯಮ್-6 ಪಾದರಸದಲ್ಲಿ ಶೇಖರವಾಗುತ್ತದೆ. ಗುಣಾಂಕ ಸುಮಾರು 1.05 ಆಗಿರುವುದೂ ದ್ರವಗಳನ್ನು ಎರಡೂ ದಿಕ್ಕಿನಲ್ಲಿ ಸುಲಭವಾಗಿ ಹರಿಸಬಹುದಾದುದೂ ಇದರ ಅನುಕೂಲಗಳು.

ಈ ಕಾರ್ಯಕ್ಕಾಗಿ ಸುಮಾರು 1.1 ಕೋಟಿ ಕಿಲೋಗ್ರಾಂ ಪಾದರಸವನ್ನು ಬಳಸಲಾಯಿತು. ಅದರಲ್ಲಿ ನೂರಾರು ಟನ್ ಗಾಳಿ, ಮಣ್ಣು ಮತ್ತು ಹತ್ತಿರದ ಈಸ್ಟ್ ಫೋರ್ಕ್ ಪಾಪ್ಲರ್ ತೊರೆಗೆ ಸೇರಿತು. ರಕ್ಷಣಾ ರಹಸ್ಯದ ಹೆಸರಿನಲ್ಲಿ ಮುಚ್ಚಿಟ್ಟಿದ್ದ ಈ ವಿಷಯ ಸಾರ್ವಜನಿಕರಿಗೆ ತಿಳಿದುದು 1983ರಲ್ಲಿ. ಪಾದರಸವು ನೀರಿನಲ್ಲಿ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಮೀಥೈಲ್ ಪಾದರಸವಾಗಿ ಮೀನುಗಳ ದೇಹದಲ್ಲಿ ಶೇಖರಗೊಂಡು ಅವನ್ನು ತಿನ್ನುವವರ ನರಮಂಡಲಕ್ಕೆ ಹಾನಿಯುಂಟುಮಾಡುತ್ತದೆ. ಉತ್ಪಾದನೆ ನಿಂತು ಅರ್ಧ ಶತಮಾನ ಕಳೆದ ಮೇಲೂ ಅಲ್ಲಿನ ಶುದ್ಧೀಕರಣ ಕಾರ್ಯ ಮುಗಿದಿರಲಿಲ್ಲ. ಅಮೆರಿಕದಲ್ಲಿ ಈ ವಿಧಾನ ನಿಂತ ಮೇಲೆ ಅಲ್ಲಿನ ವಿದ್ಯುತ್ ಸ್ಥಾವರಗಳು ಲಿಥಿಯಮ್-7ಕ್ಕಾಗಿ ರಷ್ಯಾ ಮತ್ತು ಚೀನಾ ದೇಶಗಳನ್ನು ಅವಲಂಬಿಸಬೇಕಾಯಿತು. ಈ ಪೂರೈಕೆ ನಿಂತುಹೋಗುವ ಅಪಾಯದ ಬಗ್ಗೆ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2013ರಲ್ಲಿ ಎಚ್ಚರಿಸಿತು. ಅದೇ ವರ್ಷ ಪಾದರಸದ ಬಳಕೆಯನ್ನು ಜಗತ್ತಿನಾದ್ಯಂತ ತಗ್ಗಿಸುವ ಮಿನಮಾಟ ಒಪ್ಪಂದಕ್ಕೆ ರಾಷ್ಟ್ರಗಳು ಸಹಿ ಹಾಕಿದವು. ಅದು 2017ರಲ್ಲಿ ಜಾರಿಗೆ ಬಂದಿತು.

ಅನುಕೂಲಗಳು ಮತ್ತು ಮಿತಿಗಳು

ಜಿಯೋಲೈಟ್ ವಿಷಕಾರಿಯಲ್ಲ, ಅಗ್ಗ, ಶಾಖ ಮತ್ತು ವಿಕಿರಣಗಳನ್ನು ತಾಳಿಕೊಳ್ಳುತ್ತದೆ. ಕ್ರಿಯೆಯು ಸಾಮಾನ್ಯ ಉಷ್ಣತೆಯಲ್ಲಿ ನೀರಿನಲ್ಲಿಯೇ ನಡೆಯುತ್ತದೆ. ಆದರೂ ಅದು ಪಾದರಸದ ಸ್ಥಾನವನ್ನು ಪಡೆಯದಿರುವುದಕ್ಕೆ ಕಾರಣಗಳಿವೆ.

ಮೊದಲನೆಯದಾಗಿ, ಜಿಯೋಲೈಟ್‌ಗೆ ಲಿಥಿಯಮ್ ಮೇಲೆ ಒಲವು ಕಡಿಮೆ. ಬಿಗಿಯಾದ ನೀರಿನ ಹೊದಿಕೆಯುಳ್ಳ ಲಿಥಿಯಮ್‌ಗಿಂತ ಸೋಡಿಯಮ್ಮನ್ನೂ ಪೊಟ್ಯಾಸಿಯಮ್ಮನ್ನೂ ಅದು ಸಾಮಾನ್ಯವಾಗಿ ಹೆಚ್ಚು ಇಷ್ಟಪಡುತ್ತದೆ. ಲಿಥಿಯಮ್ಮನ್ನು ಹೊರದೂಡುವುದು ಸುಲಭ, ತುಂಬಿಸುವುದು ಕಷ್ಟ. ಆದ್ದರಿಂದ ತುಂಬುವಾಗ ಲಿಥಿಯಮ್ ಲವಣವನ್ನು ಹೇರಳವಾಗಿ ಹರಿಸಬೇಕು. ಲಿಥಿಯಮ್ ಪಟ್ಟಿಯ ಮುಂದಿನ ಅಂಚು ಚೂಪಾಗಿ ನಿಲ್ಲದೆ ಚದುರುತ್ತದೆ.

ಎರಡನೆಯದಾಗಿ, ರಾಳಗಳಲ್ಲಿ ಜಲಜನಕ ಅಯಾನಿನ ರೂಪವನ್ನು ಬಳಸಿ ಈ ಅಂಚನ್ನು ಚೂಪಾಗಿಸುವ ಉಪಾಯವಿದೆ. ಆದರೆ ಅಲ್ಯೂಮಿನಿಯಮ್ ಹೆಚ್ಚಾಗಿರುವ ಜಿಯೋಲೈಟ್‌ಗಳ ಚೌಕಟ್ಟು ಆಮ್ಲದಲ್ಲಿ ಕುಸಿಯುವುದರಿಂದ ಇಲ್ಲಿ ಅದು ಸಲ್ಲದು.

ಮೂರನೆಯದಾಗಿ, ಸ್ತಂಭದ ಎರಡೂ ತುದಿಗಳಲ್ಲಿ ಲಿಥಿಯಮ್ಮನ್ನು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಪೂರ್ತಿಯಾಗಿ ವರ್ಗಾಯಿಸಿ ಹಿಂದಿರುಗಿಸಬೇಕಾಗುತ್ತದೆ. ಪಾದರಸ ವಿಧಾನದಲ್ಲಿ ಈ ಕೆಲಸವನ್ನು ಒಂದು ತುದಿಯಲ್ಲಿ ವಿದ್ಯುತ್ತು, ಇನ್ನೊಂದು ತುದಿಯಲ್ಲಿ ನೀರು ಮಾಡುತ್ತವೆ. ಜಿಯೋಲೈಟ್‌ನಲ್ಲಿ ಪ್ರತಿ ಬಾರಿಯೂ ಬೇರೊಂದು ಲವಣ ಖರ್ಚಾಗುತ್ತದೆ. ಆ ಲವಣದ ನೀರನ್ನು ವಿಲೇವಾರಿ ಮಾಡಬೇಕಾಗುತ್ತದೆ.

ನಾಲ್ಕನೆಯದಾಗಿ, ಘನಪದಾರ್ಥವನ್ನು ದ್ರವದಂತೆ ಹರಿಸಲಾಗದು. ನಿಂತ ಸ್ತಂಭದಲ್ಲಿ ತುಂಬುವುದು, ದೂಡುವುದು, ತೊಳೆಯುವುದು ಎಂಬ ಸರದಿಯಲ್ಲಿ ಕೆಲಸ ನಡೆಸಬೇಕಾಗಿ ಉತ್ಪಾದನೆ ನಿಧಾನವಾಗುತ್ತದೆ.

ಈ ಕಾರಣಗಳಿಂದ ಲಿಥಿಯಮ್ಮನ್ನು ಆಯ್ದು ಹಿಡಿಯುವ ಕ್ರೌನ್ ಈಥರ್ ಎಂಬ ಉಂಗುರಾಕಾರದ ಸಾವಯವ ಅಣುಗಳು, ದ್ರಾವಕಗಳಿಂದ ಹೀರಿ ತೆಗೆಯುವಿಕೆ, ಪೊರೆಗಳ ಮೂಲಕ ವಿದ್ಯುತ್ ಚಾಲಿತ ಸಾಗಾಟ, ಲೇಸರ್ ಮೊದಲಾದ ಇತರ ಮಾರ್ಗಗಳನ್ನೂ ಪರಿಶೀಲಿಸಲಾಗುತ್ತಿದೆ.

ಪ್ರಕೃತಿಯಲ್ಲಿ ಇದೇ ಕ್ರಿಯೆ

ಬಂಡೆಗಳು ಶಿಥಿಲಗೊಂಡು ಜೇಡಿಮಣ್ಣು ಉಂಟಾಗುವಾಗ ಲಿಥಿಯಮ್-6 ಮಣ್ಣಿನ ಖನಿಜದಲ್ಲಿ ತುಸು ಹೆಚ್ಚಾಗಿ ಉಳಿದು, ಲಿಥಿಯಮ್-7 ನದಿಯ ನೀರಿನೊಡನೆ ಹರಿದುಹೋಗುತ್ತದೆ. ಸಮುದ್ರದ ತಳದಲ್ಲಿಯೂ ಇದು ಮುಂದುವರಿಯುತ್ತದೆ. ಆದ್ದರಿಂದ ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿದರೆ ಸಮುದ್ರದ ನೀರಿನಲ್ಲಿ ಲಿಥಿಯಮ್-7ರ ಅನುಪಾತ ಸಾವಿರಕ್ಕೆ ಸುಮಾರು 31ರಷ್ಟು ಹೆಚ್ಚು. ಪ್ರಾಚೀನ ಸಮುದ್ರಜೀವಿಗಳ ಚಿಪ್ಪುಗಳಲ್ಲಿ ಉಳಿದಿರುವ ಈ ಅನುಪಾತವನ್ನು ಅಳೆದು, ಕೋಟ್ಯಂತರ ವರ್ಷಗಳಲ್ಲಿ ಬಂಡೆಗಳ ಶಿಥಿಲೀಕರಣ ಹೇಗೆ ಬದಲಾಯಿತೆಂಬುದನ್ನು ಸಂಬುದ್ಧ ಮಿಶ್ರಾ ಮತ್ತು ಫಿಲಿಪ್ ಫ್ರೋಲಿಕ್ 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಮಿಶ್ರಾ ಅವರು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು.

ಮನುಷ್ಯರು ನಡೆಸಿದ ಬೇರ್ಪಡಿಕೆಯ ಗುರುತು ಪ್ರಯೋಗಶಾಲೆಯ ಶೀಶೆಗಳಲ್ಲಿಯೂ ಕಾಣುತ್ತದೆ. ಲಿಥಿಯಮ್-6 ತೆಗೆದು ಉಳಿದ ಲಿಥಿಯಮ್ ಮಾರುಕಟ್ಟೆಗೆ ಬಂದುದರಿಂದ, ಅಂಗಡಿಯಲ್ಲಿ ಕೊಂಡ ಲಿಥಿಯಮ್ ಲವಣಗಳ ಪರಮಾಣು ತೂಕ ನೈಸರ್ಗಿಕ ಮೌಲ್ಯಕ್ಕಿಂತ ಹೆಚ್ಚಾಗಿರುವ ಸಾಧ್ಯತೆಯಿದೆ. ಲಿಥಿಯಮ್‌ನ ಪರಮಾಣು ತೂಕವನ್ನು ಈಗ ಒಂದೇ ಸಂಖ್ಯೆಯಾಗಿ ಕೊಡದೆ 6.938ರಿಂದ 6.997ರವರೆಗಿನ ವ್ಯಾಪ್ತಿಯಾಗಿ ನಮೂದಿಸಲಾಗುತ್ತದೆ. ನಿಖರ ವಿಶ್ಲೇಷಣೆ ಮಾಡುವವರು ತಮ್ಮ ಲವಣದ ಸಮಸ್ಥಾನಿ ಅನುಪಾತವನ್ನು ಪ್ರತ್ಯೇಕವಾಗಿ ಪರೀಕ್ಷಿಸಿಕೊಳ್ಳಬೇಕಾಗುತ್ತದೆ.

ಭಾರತದ ಸಂದರ್ಭ

ಮಹಾರಾಷ್ಟ್ರದ ಪುಣೆ, ನಾಶಿಕ ಮತ್ತು ಜಳಗಾಂವ ಪ್ರದೇಶಗಳ ದಖ್ಖನ್ ಶಿಲಾಪದರಗಳ ಪೊಟರೆಗಳಲ್ಲಿ ದೊರೆಯುವ ಜಿಯೋಲೈಟ್ ಹರಳುಗಳು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಹೆಸರಾಗಿವೆ. ಬೇರ್ಪಡಿಕೆಯ ಪ್ರಯೋಗಗಳಿಗೆ ಮಾತ್ರ ರಚನೆ ಏಕರೂಪವಾಗಿರುವ ಕೃತಕ ಜಿಯೋಲೈಟ್‌ಗಳೇ ಹೆಚ್ಚು ಸೂಕ್ತ. ಕರ್ನಾಟಕದ ಮಂಡ್ಯ ಜಿಲ್ಲೆಯ ಮರಲಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯವು ಸುಮಾರು 1,600 ಟನ್ ಲಿಥಿಯಮ್ ಸಂಪನ್ಮೂಲವನ್ನು ಅಂದಾಜಿಸಿರುವುದಾಗಿ ಕೇಂದ್ರ ಸರ್ಕಾರವು 2021ರಲ್ಲಿ ಸಂಸತ್ತಿಗೆ ತಿಳಿಸಿತು. ವಿದ್ಯುತ್ ಕೋಶಗಳಿಗೆ ಬಳಸುವ ಲಿಥಿಯಮ್‌ಗೆ ಸಮಸ್ಥಾನಿ ಬೇರ್ಪಡಿಕೆಯ ಅಗತ್ಯವಿಲ್ಲ. ಆದರೆ ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಅಂತರರಾಷ್ಟ್ರೀಯ ಸಮ್ಮಿಲನ ಸ್ಥಾವರ ಯೋಜನೆಯಲ್ಲಿ ಭಾರತವೂ ಪಾಲುದಾರ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯು ಸೀಸ-ಲಿಥಿಯಮ್ ದ್ರವ ಮತ್ತು ಲಿಥಿಯಮ್ ಟೈಟನೇಟ್ ಉಂಡೆಗಳನ್ನು ಬಳಸಿ ಟ್ರಿಟಿಯಮ್ ತಯಾರಿಸುವ ಹೊದಿಕೆಯ ವಿನ್ಯಾಸದಲ್ಲಿ ತೊಡಗಿದೆ. ಇಂತಹ ಹೊದಿಕೆಗಳಿಗೆ ಲಿಥಿಯಮ್-6 ಹೆಚ್ಚಿಸಿದ ಲಿಥಿಯಮ್ ಬೇಕಾಗುತ್ತದೆ. ಸಮ್ಮಿಲನ ಶಕ್ತಿಯು ನಿಜಕ್ಕೂ ಶುದ್ಧ ಶಕ್ತಿಯಾಗಬೇಕಾದರೆ ಅದರ ಇಂಧನವನ್ನು ಒದಗಿಸುವ ಬೇರ್ಪಡಿಕೆಯ ವಿಧಾನವೂ ಪಾದರಸದಿಂದ ಮುಕ್ತವಾಗಿರಬೇಕಾಗುತ್ತದೆ.

ಇವನ್ನೂ ನೋಡಿ

- ಲಿಥಿಯಮ್
- ಸಮಸ್ಥಾನಿ
- ಜಿಯೋಲೈಟ್
- ಅಯಾನು ವಿನಿಮಯ
- ಟ್ರಿಟಿಯಮ್
- ಹೆರಾಲ್ಡ್ ಯೂರಿ
- ಮಿನಮಾಟ ಕಾಯಿಲೆ